ಓಡುವ ತೋಟ, ನಿಂತ ಕಣ್ಣು

ಆಷಾಢದ ಗಾಳಿ ಎದ್ದಾಗ ತಿಪಟೂರು ಸೀಮೆಯ ಯಾವ ತೋಟಕ್ಕಾದರೂ ಹೋಗಿ, ಹಳೇ ತೆಂಗಿನಮರವೊಂದರ ಬುಡಕ್ಕೆ ಬೆನ್ನು ಕೊಟ್ಟು, ತಲೆ ಎತ್ತಿ ಸುಳಿಯನ್ನೇ ನೋಡಿ. ಮೇಲೆ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಿರುತ್ತವೆ. ಐದಾರು ಕ್ಷಣದಲ್ಲಿ ಮೋಡ ನಿಂತುಬಿಡುತ್ತದೆ, ಮರ ಪಡುವಣಕ್ಕೆ ವಾಲತೊಡಗುತ್ತದೆ. ಅರವತ್ತು ಅಡಿ ಮರ ಬೀಳುತ್ತಾ ಇದೆ, ಬೀಳುತ್ತಲೇ ಇದೆ, ಆದರೂ ಬಿದ್ದು ಮುಗಿಯುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ತೋಟಕ್ಕೆ ಕಾಯಿ ಕೆಡವಲು ಬರುತ್ತಿದ್ದವರು ಇದನ್ನು ಬಲ್ಲವರು. "ಮ್ಯಾಕ್ ನೋಡ್ಕಂಡ್ ನಿಂತ್ಕಬ್ಯಾಡ ಕಣಪ್ಪಾ, ಮರ ಮೈಮ್ಯಾಲೆ ಬಂದಂಗಾಯ್ತದೆ. ನಾವೂ ಮ್ಯಾಲೋದಾಗ ಮೋಡ ನೋಡಾಕಿಲ್ಲ, ಗೊನೆ ನೋಡ್ತೀವಿ" ಎನ್ನುತ್ತಿದ್ದರು.

ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡುಂಕರ್ ಈ ಬಗೆಯ ಮೋಸವನ್ನು 1929ರಲ್ಲಿ ಪ್ರಯೋಗಾಲಯಕ್ಕೆ ತಂದು ಬಿಡಿಸಿ ನೋಡಿದರು. ಕಣ್ಣಿಗೆ ಸಿಕ್ಕುವ ಸುದ್ದಿ ಇಷ್ಟೇ: ಮರಕ್ಕೂ ಮೋಡಕ್ಕೂ ನಡುವಿನ ಅಂತರ ಬದಲಾಗುತ್ತಿದೆ. ಸರಿದದ್ದು ಯಾವುದು, ನಿಂತದ್ದು ಯಾವುದು ಎಂಬ ತೀರ್ಪು ಮಿದುಳಿನದು. ಅದಕ್ಕೊಂದು ಹಳೆಯ ರೂಢಿಯಿದೆ. ಸುತ್ತುವರಿದ ದೊಡ್ಡದು ನಿಂತಿರುತ್ತದೆ, ಒಳಗಿರುವ ಚಿಕ್ಕದು ಓಡಾಡುತ್ತದೆ. ಗುಡ್ಡ ನಿಂತಿರುತ್ತದೆ, ಗುಡ್ಡದ ಮೇಲಿನ ಹಸು ಓಡಾಡುತ್ತದೆ. ದಿನಬಳಕೆಗೆ ಸಾಕಾದ ನ್ಯಾಯ. ಆಕಾಶ ತುಂಬಿದ ಮೋಡವೇ ಓಡತೊಡಗಿದ ದಿನ ಮಾತ್ರ ತೀರ್ಪು ತಲೆಕೆಳಗು. ಮೋಡದ ನಡುವೆ ಚಂದ್ರ ಓಡುವಂತೆ ಕಾಣುವುದೂ ಇದೇ ನ್ಯಾಯದಲ್ಲಿ.

ಇಂಥ ತಪ್ಪುಗಳನ್ನು ಹಿಡಿದೇ ಕಳೆದ ನೂರೈವತ್ತು ವರ್ಷಗಳಿಂದ ವಿಜ್ಞಾನಿಗಳು ಮಿದುಳಿನ ಕೆಲಸವನ್ನು ಕೆದಕುತ್ತಾ ಬಂದಿದ್ದಾರೆ. ಅವರು ಕಂಡದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಒಂದು ಮಾತು. ಚಲನೆ ಎಂಬುದು ನಾವು ಲೆಕ್ಕ ಹಾಕಿ ತಿಳಿಯುವ ಸಂಗತಿಯಲ್ಲ. ಬಣ್ಣದ ಹಾಗೆ, ಬಿಸಿಯ ಹಾಗೆ ನೇರವಾಗಿ ತಾಗುವ ಸಂವೇದನೆ. ಶಾಲೆಯ ಭೌತಶಾಸ್ತ್ರ ನಮಗೆ ಬೇರೆಯದೇ ಅಭ್ಯಾಸ ಮಾಡಿಸಿದೆ. ವಸ್ತು ಮೊದಲು ಇಲ್ಲಿತ್ತು, ಆಮೇಲೆ ಅಲ್ಲಿತ್ತು, ಆದ್ದರಿಂದ ಚಲಿಸಿತು. ಅಂಗಳದಲ್ಲಿ ಹರಡಿದ ಕಾಯಿಯ ಮೇಲೆ ನೆರಳು ಸರಿದದ್ದನ್ನು ನಾವು ಹಾಗೆಯೇ ತಿಳಿಯುತ್ತೇವೆ, ನಿಜ. ಆದರೆ ಅದೇ ಅಂಗಳದಲ್ಲಿ ಅಳಿಲು ಓಡಿದ್ದನ್ನು ತಿಳಿಯುವುದಿಲ್ಲ, ಕಾಣುತ್ತೇವೆ. ನೆರಳು ಸರಿದದ್ದು ತಿಳಿವು, ಅಳಿಲು ಓಡಿದ್ದು ನೋಟ. ಎರಡೂ ಮಿದುಳಿನ ಬೇರೆ ಬೇರೆ ಕಸುಬು.

ಇದನ್ನು ಮೊದಲು ಅಳೆದು ತೋರಿಸಿದವರು ವಿಯೆನ್ನಾದ ಸಿಗ್ಮುಂಡ್ ಎಕ್ಸ್ನರ್, 1875ರಲ್ಲಿ. ಅಕ್ಕಪಕ್ಕ ಎರಡು ವಿದ್ಯುತ್ ಕಿಡಿ ಹಾರಿಸಿ, ಯಾವುದು ಮೊದಲು ಹಾರಿತು ಎಂದು ಕೇಳಿದರು. ಕಿಡಿಗಳು ದೂರ ದೂರ ಇದ್ದಾಗ ಜನ ಸರಿಯಾಗಿ ಹೇಳಲು ನಡುವೆ ಸುಮಾರು 45 ಮಿಲಿಸೆಕೆಂಡು ಬಿಡುವು ಬೇಕಾಯಿತು. ಒಂದು ಕಿಡಿಯೇ ಆ ಕಡೆಯಿಂದ ಈ ಕಡೆಗೆ ಜಿಗಿದಂತೆ ಕಾಣುವಷ್ಟು ಹತ್ತಿರ ಇಟ್ಟಾಗ ಸುಮಾರು 15 ಮಿಲಿಸೆಕೆಂಡು ಸಾಕಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗದಷ್ಟು ಕಡಿಮೆ ಕಾಲದಲ್ಲಿ ದಿಕ್ಕು ಗೊತ್ತಾಗುತ್ತದೆ. ಹಾಗಾದರೆ ದಿಕ್ಕು ಕಂಡದ್ದು 'ಮೊದಲು, ಆಮೇಲೆ' ಎಂಬ ಲೆಕ್ಕದಿಂದ ಆಗಿರಲು ಸಾಧ್ಯವಿಲ್ಲ.

ಮ್ಯಾಕ್ಸ್ ವರ್ದೈಮರ್ ಫ್ರಾಂಕ್‌ಫರ್ಟಿನಲ್ಲಿ ಮಾಡಿ 1912ರಲ್ಲಿ ಪ್ರಕಟಿಸಿದ್ದು ಇದರ ಮುಂದಿನ ಹೆಜ್ಜೆ. ಅದನ್ನು ನೋಡಲು ಫ್ರಾಂಕ್‌ಫರ್ಟಿಗೆ ಹೋಗಬೇಕಿಲ್ಲ, ನಮ್ಮ ಕಡೆಯ ಯಾವ ಜಾತ್ರೆಗೆ ಹೋದರೂ ಆದೀತು. ದೇವರ ಹಿಂದೆ ಕಟ್ಟಿದ ಸೀರಿಯಲ್ ಸೆಟ್ಟಿನಲ್ಲಿ ಬೆಳಕು ಪ್ರಭಾವಳಿಯ ಸುತ್ತ ಓಡುತ್ತದೆಯಲ್ಲ, ಅಲ್ಲಿ ಯಾವ ಬಲ್ಬೂ ಜಾಗ ಬಿಟ್ಟು ಕದಲಿರುವುದಿಲ್ಲ. ಒಂದು ಆರಿ ಪಕ್ಕದ್ದು ಹೊತ್ತುತ್ತದೆ, ಅಷ್ಟೆ. ನಡುವಿನ ಕತ್ತಲಲ್ಲಿ ಓಡಿದ ಬೆಳಕು ನೋಡುವವನ ತಲೆಯೊಳಗಿನದು. ಸಾಲು ಬಲ್ಬುಗಳನ್ನು ಕಟ್ಟುವ ಎಲೆಕ್ಟ್ರಿಷಿಯನ್ ನಿಯಂತ್ರಣದ ತಿರುಪು ತಿರುವಿ 'ಓಟ' ಸರಿಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ನಿಧಾನವಾದರೆ ಬಿಡಿ ಬಲ್ಬು ಹೊತ್ತಿ ಆರಿದಂತೆ, ತೀರಾ ಜೋರಾದರೆ ಎಲ್ಲ ಒಟ್ಟಿಗೇ ಮಿಣುಕಿದಂತೆ. ಎರಡರ ನಡುವೆ ಒಂದು ಹದ ಸಿಕ್ಕಿದ್ದೇ ಬೆಳಕು ಓಡತೊಡಗುತ್ತದೆ. ವರ್ದೈಮರ್ ಹುಡುಕಿದ್ದೂ ಅದೇ ಹದ. ಅವರ ಪ್ರಯೋಗದಲ್ಲಿ ಅದು ಸುಮಾರು 60 ಮಿಲಿಸೆಕೆಂಡಿನ ಹತ್ತಿರ ಬಂತು.

ಇಲ್ಲೊಂದು ತಕರಾರು. ಸಿನಿಮಾ ಓಡುವುದೇಕೆ ಎಂದರೆ 'ದೃಷ್ಟಿ ಸಾತತ್ಯ', ಅಂದರೆ ಚಿತ್ರ ಕಣ್ಣಿನಲ್ಲಿ ಒಂದಿಷ್ಟು ಹೊತ್ತು ಉಳಿದುಕೊಳ್ಳುತ್ತದೆ ಎಂದು ಪಠ್ಯಪುಸ್ತಕಗಳು ಈಗಲೂ ಹೇಳುತ್ತವೆ. ಅಷ್ಟೇ ಆಗಿದ್ದರೆ 1934ರ 'ಸತಿ ಸುಲೋಚನಾ'ದಿಂದ ಇವತ್ತಿನವರೆಗೂ ಕನ್ನಡ ಸಿನಿಮಾ ನೋಡಿದವರಿಗೆಲ್ಲ ಒಂದರ ಮೇಲೊಂದು ಬಿದ್ದ ಚಿತ್ರಗಳ ಕಲಸುಮೇಲೋಗರ ಕಾಣಬೇಕಿತ್ತು, ನಡೆಯುವ ಮನುಷ್ಯ ಕಾಣುತ್ತಿರಲಿಲ್ಲ. ಚಿತ್ರ ಉಳಿಯುವುದರಿಂದ ಪರದೆ ಮಿಣುಕುವುದು ಮರೆಯಾಗುತ್ತದೆ. ಆ ಕೆಲಸಕ್ಕೇ ರೀಲಿನ ಪ್ರೊಜೆಕ್ಟರು ಸೆಕೆಂಡಿಗೆ 24 ಚಿತ್ರಗಳಲ್ಲಿ ಒಂದೊಂದನ್ನೂ ಎರಡು ಮೂರು ಸಲ ಮಿಂಚಿಸುತ್ತಿತ್ತು. ಓಟ ಹುಟ್ಟುವುದು ಬೇರೆ ಕಡೆ. ನಿಜವಾದ ಓಟವನ್ನು ಹಿಡಿಯಲೆಂದು ಮಿದುಳಿನಲ್ಲಿರುವ ಯಂತ್ರವೇ ಚಿತ್ರಗಳಿಗೆ ಏಮಾರುತ್ತದೆ.

ಯಂತ್ರ ಎಂದೆ. ಅದರ ಕಟ್ಟು ಎಂಥದು? 1956ರಲ್ಲಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ವರ್ನರ್ ರೈಖಾರ್ಟ್ ಒಂದು ಸಣ್ಣ ದುಂಬಿಯನ್ನು ನಿಲ್ಲಿಸಿ, ಅದರ ಸುತ್ತ ಕಪ್ಪು ಬಿಳಿ ಪಟ್ಟೆಗಳನ್ನು ತಿರುಗಿಸಿ ಇದಕ್ಕೊಂದು ಉತ್ತರ ಕಟ್ಟಿದರು. ತೋಟದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಒಂದೇ ಸಾಲಿನ ಎರಡು ಮರಗಳ ಕೆಳಗೆ ಇಬ್ಬರು ಕಾವಲುಗಾರರು ಕೂತಿದ್ದಾರೆ. ನಾಯಿ ತಮ್ಮ ಮರ ದಾಟಿದರೆ ಇಬ್ಬರೂ ಮನೆಗೆ ಆಳು ಓಡಿಸುತ್ತಾರೆ. ಮೊದಲ ಮರದವನ ಆಳು ಬಳಸುದಾರಿಯಲ್ಲಿ ಬರುತ್ತಾನೆ, ಎರಡನೆಯವನ ಆಳು ನೇರ ಬರುತ್ತಾನೆ. ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದರೆ ಮನೆಯವರು ಗಂಟೆ ಬಾರಿಸುತ್ತಾರೆ. ನಾಯಿ ಮೊದಲ ಮರದಿಂದ ಎರಡನೆಯದಕ್ಕೆ ಸರಿಯಾದ ವೇಗದಲ್ಲಿ ಓಡಿದಾಗ ಮಾತ್ರ ಹೀಗಾಗುತ್ತದೆ. ಎದುರು ದಿಕ್ಕಿಗೆ ಓಡಿದರೆ ಗಂಟೆ ಇಲ್ಲ. ನಾಯಿ ಎಲ್ಲಿದೆ, ಯಾವ ಬಣ್ಣದ್ದು, ನಾಯಿಯೋ ನರಿಯೋ ಎಂಬುದು ಮನೆಯವರಿಗೆ ಗೊತ್ತಿಲ್ಲ. ಓಟ ಇದೆ, ಇಂಥ ದಿಕ್ಕಿಗಿದೆ ಎಂಬುದಷ್ಟೇ ಗೊತ್ತು. ಸೀರಿಯಲ್ ಸೆಟ್ಟು ಏಮಾರಿಸುವುದೂ ಈ ಮನೆಯವರನ್ನೇ.

ಇಂಥ ದಿಕ್ಕುಗಾರ ಕೋಶಗಳು ಮೊಲದ ಕಣ್ಣಿನ ರೆಟಿನಾದಲ್ಲೇ ಇರುವುದನ್ನು ಹೊರೇಸ್ ಬಾರ್ಲೋ ಮತ್ತು ವಿಲಿಯಂ ಲೆವಿಕ್ 1965ರ ಪ್ರಬಂಧದಲ್ಲಿ ವಿವರವಾಗಿ ತೋರಿಸಿದರು. ಬೆಕ್ಕು, ಕೋತಿಗಳ ಮಿದುಳಿನ ಹಿಂಭಾಗದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಕಂಡರು. ಕೋತಿ, ಮನುಷ್ಯರಂಥವರಲ್ಲಿ ಈ ಕೆಲಸವೆಲ್ಲ ಮಿದುಳಿನಲ್ಲೇ ನಡೆಯುತ್ತದೆ ಎಂದು ಬಹುಕಾಲ ನಂಬಿದ್ದರು. ಈಚೆಗೆ ಕೋತಿಯ ರೆಟಿನಾದಲ್ಲೂ ಅಂಥ ಕೋಶಗಳು ಸಿಕ್ಕಿವೆ.

ಈಗ ನಾಲೆಯ ಹತ್ತಿರ ಹೋಗೋಣ. ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ನಾಲೆ ನಮ್ಮ ಸೀಮೆ ಹಾದು ತುಮಕೂರಿನ ಕಡೆ ಹೋಗುತ್ತದೆ. ನೀರು ಬಿಟ್ಟಾಗ ಸೇತುವೆ ಮೇಲೆ ನಿಂತು, ತೇಲಿ ಬರುವ ಸೋಗೆಯನ್ನು ಹಿಂಬಾಲಿಸದೆ, ನಡುನೀರಿನ ಒಂದೇ ಜಾಗಕ್ಕೆ ಕಣ್ಣು ನೆಟ್ಟು ಒಂದು ನಿಮಿಷ ನೋಡಿ. ಆಮೇಲೆ ನೋಟವನ್ನು ದಡದ ಕಲ್ಲಿನ ಮೇಲಿಡಿ. ಕಲ್ಲು ಹರಿಯತೊಡಗುತ್ತದೆ, ನೀರಿಗೆ ಎದುರಾಗಿ, ಗೊರೂರಿನ ದಿಕ್ಕಿಗೆ. ಹತ್ತು ಹದಿನೈದು ಸೆಕೆಂಡಿಗೆ ಮೆಲ್ಲಗೆ ನಿಲ್ಲುತ್ತದೆ. ನದಿ ನೋಡಿ ಕಣ್ಣು ತಿರುಗಿಸಿದಾಗ ನಿಂತದ್ದೂ ಚಲಿಸಿದಂತಾಗುವುದನ್ನು ಅರಿಸ್ಟಾಟಲನೇ ಗುರುತಿಸಿದ್ದ. 1834ರಲ್ಲಿ ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಫೋಯರ್ಸ್ ಜಲಪಾತದ ಮುಂದೆ ನಿಂತು ಇದನ್ನು ಕಂಡು ಬರೆದದ್ದರಿಂದ ಇದಕ್ಕೆ ಜಲಪಾತ ಭ್ರಮೆ ಎಂದು ಹೆಸರು ಬಿತ್ತು. ನಾಲೆ ಭ್ರಮೆ ಎಂದರೂ ತಪ್ಪಿಲ್ಲ.

ಕಾರಣ ತಿಪಟೂರಿನ ಕೊಬ್ಬರಿ ಮಂಡಿಯ ತಕ್ಕಡಿಯಂಥದ್ದು. ಎಡಕ್ಕೆ ಓಡುವುದನ್ನು ಹಿಡಿಯುವ ಕೋಶಗಳು ಒಂದು ತಟ್ಟೆ, ಬಲಕ್ಕೆ ಓಡುವುದನ್ನು ಹಿಡಿಯುವವು ಇನ್ನೊಂದು. ನಿಂತ ವಸ್ತುವನ್ನು ನೋಡುವಾಗಲೂ ಎರಡೂ ಒಂದಿಷ್ಟು ಮಿಡಿಯುತ್ತಿರುತ್ತವೆ, ಮುಳ್ಳು ನಡುವೆ ನಿಲ್ಲುತ್ತದೆ. ನಿಮಿಷಗಟ್ಟಲೆ ನೀರು ನೋಡಿದ ಮೇಲೆ ಒಂದು ತಟ್ಟೆಯವರು ದಣಿದು ಸುಮ್ಮನಾಗುತ್ತಾರೆ. ಇನ್ನೊಂದು ಕಡೆಯ ಎಂದಿನ ಮಿಡಿತವೇ ಭಾರವಾಗಿ ಮುಳ್ಳು ಆ ಕಡೆ ವಾಲುತ್ತದೆ. ಮೊಲದ ಕಣ್ಣಿನಲ್ಲಿ ಈ ದಣಿವನ್ನು ಬಾರ್ಲೋ ಮತ್ತು ಹಿಲ್ 1963ರಲ್ಲೇ ಅಳೆದಿದ್ದರು. ಆದರೆ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುವುದು ಕಾರಣವಲ್ಲ, ಕಲ್ಲಿನ ನಡತೆ. ಕಲ್ಲು ಹರಿಯುತ್ತದೆ, ಆದರೆ ಜಾಗ ಬಿಡುವುದಿಲ್ಲ. ಪಕ್ಕದ ಗರಿಕೆ ಹುಲ್ಲಿಗೂ ಅದಕ್ಕೂ ಅಂತರ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಜಾಗ ಬದಲಾಗದ ಓಟ! ಭೌತಶಾಸ್ತ್ರದಲ್ಲಿ ಇದಕ್ಕೆ ಅರ್ಥವೇ ಇಲ್ಲ. ಜಾಗದ ಲೆಕ್ಕ ಒಂದು ಕಡೆ, ಓಟದ ಲೆಕ್ಕ ಇನ್ನೊಂದು ಕಡೆ ನಡೆಯುವ ಮಿದುಳಿನಲ್ಲಿ ಮಾತ್ರ ಇದು ಸಾಧ್ಯ.

'ಇನ್ನೊಂದು ಕಡೆ' ಎಲ್ಲಿ? 1971ರಲ್ಲಿ ರೊನಾಲ್ಡ್ ಡಬ್ನರ್ ಮತ್ತು ಸೆಮಿರ್ ಝೆಕಿ ಕೋತಿಯ ಮಿದುಳಿನಲ್ಲಿ ಒಂದು ತುಂಡನ್ನು ಕಂಡರು. ಅಲ್ಲಿನ ಹೆಚ್ಚಿನ ಕೋಶಗಳಿಗೆ ಬಣ್ಣದ ಗೊಡವೆಯಿಲ್ಲ, ದಿಕ್ಕೇ ಮುಖ್ಯ. ಅದನ್ನು ವಿ5 ಎಂದೂ ಎಂಟಿ ಎಂದೂ ಕರೆಯುತ್ತಾರೆ. ಮನುಷ್ಯರಲ್ಲಿ ಅದು ತಲೆಯ ಎರಡೂ ಬದಿಗೆ, ಕಿವಿಯಿಂದ ಹಿಂದಕ್ಕೆ ತುಸು ಮೇಲಿದೆ. 1990ರಲ್ಲಿ ವಿಲಿಯಂ ನ್ಯೂಸಮ್ ಮತ್ತು ಸಂಗಡಿಗರು ಕೋತಿಯ ಈ ಜಾಗಕ್ಕೆ ಅತಿ ಸಣ್ಣ ವಿದ್ಯುತ್ತು ಹರಿಸಿದರು. ಗಜಿಬಿಜಿ ಚುಕ್ಕೆಗಳು ಯಾವ ಕಡೆ ಓಡುತ್ತಿವೆ ಎಂದು ಹೇಳಬೇಕಿದ್ದ ಕೋತಿ, ವಿದ್ಯುತ್ತು ತಾಗಿದ ಕೋಶಗಳ ಮೆಚ್ಚಿನ ದಿಕ್ಕಿನ ಕಡೆಗೇ ಹೆಚ್ಚು ಸಲ ತೀರ್ಪು ಕೊಟ್ಟಿತು.

ಆದರೆ ಕೋತಿ ತನಗೇನು ಕಂಡಿತೆಂದು ಹೇಳುವುದಿಲ್ಲ. ಹೇಳಿದವರು ಮ್ಯೂನಿಕ್ಕಿನ ಒಬ್ಬ ಹೆಂಗಸು. ವೈದ್ಯಕೀಯ ಗ್ರಂಥಗಳಲ್ಲಿ ಅವರ ಹೆಸರು ಎಲ್.ಎಂ. ಎಂದಷ್ಟೇ ಇದೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಎರಡೂ ಕಡೆಯ ಈ ಭಾಗ ಹಾಳಾಗಿತ್ತು. ಯೋಸೆಫ್ ಝೀಲ್ ಮತ್ತು ಸಂಗಡಿಗರು 1983ರಲ್ಲಿ ಅವರ ಸ್ಥಿತಿಯನ್ನು ಪ್ರಕಟಿಸಿದರು. ಬಣ್ಣ ಗೊತ್ತಾಗುತ್ತಿತ್ತು, ಮುಖ ಗುರುತು ಸಿಗುತ್ತಿತ್ತು, ಓದಲು ಬರುತ್ತಿತ್ತು. ಓಟ ಮಾತ್ರ ಹೋಗಿತ್ತು. ಬಟ್ಟಲಿಗೆ ಚಹಾ ಬಗ್ಗಿಸಿದರೆ ಧಾರೆ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಮಟ್ಟ ಏರುವುದು ಕಾಣದೆ ತುಂಬಿ ಚೆಲ್ಲಿಹೋಗುತ್ತಿತ್ತು. ಕೋಣೆಯಲ್ಲಿ ಜನ ಓಡಾಡಿದರೆ ಇಲ್ಲಿದ್ದವರು ತಟ್ಟನೆ ಅಲ್ಲಿ. ನಡುವೆ ಏನೂ ಇಲ್ಲ. ದೂರ ಇದ್ದ ಕಾರು ಒಮ್ಮೆಗೇ ಎದೆ ಹತ್ತಿರ ಇರುತ್ತಿದ್ದುದರಿಂದ ರಸ್ತೆ ದಾಟಲು ಹೆದರುತ್ತಿದ್ದರು. ನಮ್ಮ ಮನೆಗಳಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಕ್ಷಣವನ್ನು ನೆನೆದರೆ ಈ ನಷ್ಟ ಎಂಥದೆಂದು ಗೊತ್ತಾಗುತ್ತದೆ: ಹಾಲು ಪಾತ್ರೆಯೊಳಗಿತ್ತು, ಈಗ ಒಲೆಯ ಮೇಲಿದೆ, ಉಕ್ಕಲೇ ಇಲ್ಲ.

ಇದಕ್ಕೆ ಕನ್ನಡಿ ಹಿಡಿದಂಥ ಇನ್ನೊಂದು ಸಂಗತಿಯನ್ನು ಬ್ರಿಟಿಷ್ ವೈದ್ಯ ಜಾರ್ಜ್ ರಿಡಕ್ 1917ರಲ್ಲೇ ಬರೆದಿದ್ದರು. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಾಗಿ ದೃಷ್ಟಿಯ ಒಂದು ಪಾಲು ಕುರುಡಾದ ಕೆಲವು ಸೈನಿಕರಿಗೆ, ಆ ಕುರುಡು ಪಾಲಿನಲ್ಲಿ ಏನಾದರೂ ಅಲುಗಿದರೆ ಅಲುಗಿದ್ದು ಗೊತ್ತಾಗುತ್ತಿತ್ತು. ಏನು ಅಲುಗಿತು, ಅದರ ಆಕಾರ ಏನು, ಬಣ್ಣ ಏನು, ಒಂದೂ ಗೊತ್ತಿಲ್ಲ. ಒಬ್ಬರಿಗೆ ವಸ್ತುವಿದೆ, ಓಟವಿಲ್ಲ. ಇನ್ನೊಬ್ಬರಿಗೆ ಓಟವಿದೆ, ವಸ್ತುವಿಲ್ಲ. ಹಾಗೆಂದು ವಿ5 ಒಂದೇ 'ಚಲನೆಯ ಕಚೇರಿ' ಎಂದು ಬೋರ್ಡು ಬರೆದು ತಗುಲಿಹಾಕುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಎಲ್.ಎಂ. ಅವರಿಗೂ ತೀರಾ ನಿಧಾನದ ಚಲನೆ ಅಲ್ಪಸ್ವಲ್ಪ ಕಾಣುತ್ತಿತ್ತು. ಓಟದ ಕೆಲಸ ಹಂಚಿಕೊಂಡ ಭಾಗಗಳು ಬೇರೆಯೂ ಇವೆ.

ಇಷ್ಟೆಲ್ಲ ಇದ್ದರೂ ದೊಡ್ಡ ತೊಡಕೊಂದು ಉಳಿಯುತ್ತದೆ: ಓಡಿದ್ದು ಅದೋ, ನಾನೋ? ಕಣ್ಣು ಸೆಕೆಂಡಿಗೆ ಮೂರು ಸಲ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತಕ್ಕೂ ಇಡೀ ಜಗತ್ತು ರೆಟಿನಾದ ಮೇಲೆ ಸರ್ರನೆ ಸರಿಯುತ್ತದೆ, ನಮಗೆ ಮಾತ್ರ ಏನೂ ಸರಿದಂತೆ ಕಾಣುವುದಿಲ್ಲ. ಕಣ್ಣಿಗೆ ಹೊರಳು ಎಂದು ಆಜ್ಞೆ ಕೊಡುವಾಗ ಮಿದುಳು ಅದರ ಒಂದು ನಕಲನ್ನು ತನಗೂ ಕಳಿಸಿಕೊಂಡು, ಬರಲಿರುವ ಅಲುಗಾಟವನ್ನು ಮೊದಲೇ ಕಳೆದುಬಿಡುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಅಂಚನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ತೋಟವೆಲ್ಲ ಅಲುಗುತ್ತದೆ. ಬೆರಳು ಆಜ್ಞೆಯ ನಕಲು ಕಳಿಸುವುದಿಲ್ಲವಲ್ಲ. ಕನ್ನಡಿಯಲ್ಲಿ ಎಡಗಣ್ಣು, ಬಲಗಣ್ಣು ಬದಲಿಸಿ ನೋಡಿಕೊಂಡರೆ ನಿಮ್ಮ ಕಣ್ಣು ಹೊರಳುವುದು ನಿಮಗೆಂದೂ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಕಂಡೀತು, ಅದರ ಚಿತ್ರ ಒಂದು ಚೂರು ತಡವಾಗಿ ಬರುತ್ತದೆ. ಈ ಜಿಗಿತಗಳನ್ನು ಮಿದುಳು ಹೇಗೆ ಯೋಜಿಸುತ್ತದೆ, ಹೊರಟದ್ದನ್ನು ಹೇಗೆ ತಡೆಯುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಅವರ ಪ್ರಯೋಗಾಲಯ ಅಭ್ಯಸಿಸುತ್ತಿದೆ.

ನಾವೇ ಓಡಿದಾಗಲೋ? ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ಬಾಣಸಂದ್ರ ದಾಟಿದ ಮೇಲೆ ಕಿಟಕಿಯ ಪಕ್ಕ ಕೂತು ನಡುದೂರದ ಒಂದು ಮರಕ್ಕೆ ಕಣ್ಣು ನೆಡಿ. ಅದಕ್ಕಿಂತ ಹತ್ತಿರದ ಮರಗಳು ಹಿಂದಕ್ಕೆ ಓಡುತ್ತವೆ, ಅದರಾಚೆಯವು ನಮ್ಮ ಜೊತೆಗೇ ಮುಂದಕ್ಕೆ ಬರುತ್ತವೆ, ಇಡೀ ತೋಟ ಆ ಒಂದು ಮರದ ಸುತ್ತ ತಿರುಗುತ್ತದೆ. ಸಾಲು ಹಿಡಿದು ನೆಟ್ಟ ತೋಟವಾದ್ದರಿಂದ ಒಂದೊಂದು ಓಣಿಯೂ ತೆರೆದು ಮುಚ್ಚುತ್ತದೆ. ದೂರ, ವೇಗ, ದಿಕ್ಕು ಮೂರೂ ಈ ಹರಿವಿನಲ್ಲಿ ಅಡಗಿವೆ ಎಂದು ಅಮೆರಿಕದ ಜೇಮ್ಸ್ ಗಿಬ್ಸನ್ 1950ರಲ್ಲಿ ವಾದಿಸಿದರು. ಅದನ್ನು ಅಂದವಾಗಿ ತೋರಿಸಿದ್ದು ಜೇನುನೊಣ. ಆ ಪ್ರಯೋಗಗಳ ಹಿಂದೆ ಇದ್ದವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಸ್ಟ್ರೇಲಿಯಾದಲ್ಲಿ ನೆಲೆನಿಂತ ಮಂಡಯಂ ಶ್ರೀನಿವಾಸನ್.

ಹೊಂಬಾಳೆ ಬಿರಿದಾಗ ನಮ್ಮ ತೋಟಗಳಲ್ಲಿ ಮುತ್ತುವ ಇಂಥ ನೊಣಗಳಿಗೆ ಮನುಷ್ಯರಂತೆ ಎರಡು ಕಣ್ಣು ಕೂಡಿಸಿ ದೂರ ಅಳೆಯುವ ಅನುಕೂಲವಿಲ್ಲ. ಆದರೂ ಕಿರುದಾರಿಯ ನಟ್ಟನಡುವೆ ಹಾರುತ್ತವೆ. ಪಟ್ಟೆ ಬರೆದ ಎರಡು ಗೋಡೆಗಳ ನಡುವೆ ಅವನ್ನು ಹಾರಿಸಿ, ಒಂದು ಗೋಡೆಯನ್ನು ಹಾರುವ ದಿಕ್ಕಿಗೇ ಸರಿಸಿದಾಗ ನೊಣಗಳು ಆ ಗೋಡೆಗೆ ಹತ್ತಿರವಾದವು. ಅಂದರೆ ಎಡ ಬಲ ಕಣ್ಣುಗಳಲ್ಲಿ ಹಿಂದೆ ಸರಿಯುವ ವೇಗವನ್ನು ಸಮ ಮಾಡಿಕೊಂಡೇ ಅವು ನಡುದಾರಿ ಹಿಡಿಯುವುದು. ಇನ್ನೂ ಸೊಗಸಾದದ್ದು 2000ದ ಪ್ರಯೋಗ. ಸುಮಾರು ಆರು ಮೀಟರಿನ ಇಕ್ಕಟ್ಟು ಸುರಂಗದಲ್ಲಿ ಹಾರಿ ಬಂದ ನೊಣ, ಗೂಡಿನಲ್ಲಿ ಕುಣಿದು ಹೇಳಿದ ದೂರ ಇನ್ನೂರು ಮೀಟರಿನ ಆಸುಪಾಸು. ಗೋಡೆ ಹತ್ತಿರವಿದ್ದುದರಿಂದ ಅದರ ಮೇಲಿನ ಚಿತ್ತಾರ ರಭಸವಾಗಿ ಹರಿದಿತ್ತು. ನೊಣ ಅಳೆದದ್ದು ದಾರಿಯನ್ನಲ್ಲ, ಹರಿವನ್ನು. ಬೈಕಿನಲ್ಲಿ ತೋಟದ ಬೇಲಿಗಳ ನಡುವಿನ ಇಕ್ಕಟ್ಟು ಓಣಿಯಲ್ಲಿ ಮೂವತ್ತರ ವೇಗ ಜೋರೆನಿಸಿ, ಹೆದ್ದಾರಿಗೆ ಬಂದೊಡನೆ ಅರವತ್ತೂ ತೆವಳಿದಂತಾಗುವುದು ಯಾಕೆಂದು ನನಗೆ ಅರ್ಥವಾದದ್ದು ಈ ನೊಣದಿಂದ.

ಕಾಲದ ಮಾತು ಇನ್ನೂ ಬಂದಿಲ್ಲ. ರೆಟಿನಾಕ್ಕೆ ಬಿದ್ದ ಬೆಳಕು ಮಿದುಳಿನಲ್ಲಿ ನೋಟವಾಗಲು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಬೇಕು. ಅರವತ್ತು ಅಡಿಯಿಂದ ಕಳಚಿದ ಕಾಯಿ ನೆಲ ಮುಟ್ಟಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. ಕೊನೆಗೆ ಅದರ ವೇಗ ಗಂಟೆಗೆ 68 ಕಿ.ಮೀ.ನಷ್ಟು. ಆ ಕೊನೆಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಅದು ಆಳೆತ್ತರ ಇಳಿದಿರುತ್ತದೆ. ಕಂಡದ್ದನ್ನು ಕಂಡಂತೆ ನಂಬಿದರೆ ಕಾಯಿ ಇನ್ನೂ ತಲೆಯ ಮೇಲಿದೆ ಎನ್ನುವಷ್ಟರಲ್ಲಿ ತಲೆ ಒಡೆದಿರುತ್ತದೆ. ಆದ್ದರಿಂದ ಮಿದುಳು ಮುಂದಾಗಿಯೇ ಊಹಿಸಬೇಕು. ಓಡುವ ವಸ್ತು ಅದೇ ಕ್ಷಣ ಮಿಂಚಿದ ದೀಪಕ್ಕಿಂತ ಮುಂದಿರುವಂತೆ ಕಾಣುವುದನ್ನು ಹಿಡಿದು ರೋಮಿ ನಿಝಾವನ್ 1994ರಲ್ಲಿ ಇದನ್ನೇ ವಾದಿಸಿದರು. ಮಿಂಚಿಗಿಂತ ಓಟದ ಸುದ್ದಿ ಬೇಗ ಮುಟ್ಟುತ್ತದೆ, ಮಿದುಳು ಆಮೇಲೆ ಆದದ್ದನ್ನು ನೋಡಿ ಹಿಂದಿನದನ್ನು ತಿದ್ದುತ್ತದೆ ಎಂಬ ಪ್ರತಿವಾದಗಳೂ ಬಂದವು. ವ್ಯಾಜ್ಯ ಇನ್ನೂ ಮುಗಿದಿಲ್ಲ.

ಬೀಳುವ ವಸ್ತುವಿನ ವಿಷಯದಲ್ಲಿ ಮಾತ್ರ ಗಟ್ಟಿ ಸಾಕ್ಷಿಯಿದೆ. ಕಣ್ಣು ವೇಗವನ್ನು ಚೆನ್ನಾಗಿ ಹಿಡಿಯುತ್ತದೆ, ವೇಗ ಏರುತ್ತಾ ಹೋಗುವುದನ್ನು ಹಿಡಿಯುವುದರಲ್ಲಿ ಮಂಕು. ಆ ಕೊರತೆ ತುಂಬಲು ಮಿದುಳು ಭೂಮಿಯ ಸೆಳೆತವನ್ನೇ ಮನನ ಮಾಡಿಟ್ಟುಕೊಂಡಿದೆ. 1998ರಲ್ಲಿ ನ್ಯೂರೋಲ್ಯಾಬ್ ಯಾನದ ಗಗನಯಾತ್ರಿಗಳು ಬಾಹ್ಯಾಕಾಶ ನೌಕೆಯಲ್ಲಿ ತಮ್ಮ ಕಡೆ ಬರುವ ಚೆಂಡನ್ನು ಹಿಡಿದರು. ಅಲ್ಲಿ ಚೆಂಡು ಒಂದೇ ವೇಗದಲ್ಲಿ ಬರುತ್ತದೆ. ಅವರ ಕೈಗಳೋ, ವೇಗ ಏರಿಯೇ ಏರುತ್ತದೆ ಎಂಬಂತೆ ಬೇಗನೇ ಬಿಗಿಯಾಗುತ್ತಿದ್ದವು. ದಿನಗಳು ಕಳೆದರೂ ಆ ಚಾಳಿ ಪೂರ್ತಿ ಬಿಡಲಿಲ್ಲ. ಕ್ರಿಕೆಟ್ಟಿನಲ್ಲೂ ಊಹೆಯದೇ ಆಟ. ನಮ್ಮ ನೆರೆಯ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ ಅವರಂಥ ವೇಗಿ 140 ಕಿ.ಮೀ. ಆಸುಪಾಸಿನಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಹತ್ತಿರ ಇರುತ್ತದೆ. 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಾಯ್ಡ್ ಬ್ಯಾಟ್ಸ್‌ಮನ್‌ಗಳ ಕಣ್ಣಿಗೆ ಕ್ಯಾಮೆರಾ ಹಿಡಿದಾಗ ಕಂಡದ್ದು: ಅವರು ಚೆಂಡನ್ನು ಉದ್ದಕ್ಕೂ ನೋಡುವುದೇ ಇಲ್ಲ. ಕೈ ಬಿಟ್ಟದ್ದನ್ನು ನೋಡಿ, ಅದು ಪುಟಿಯುವ ಜಾಗಕ್ಕೆ ಕಣ್ಣನ್ನು ಮೊದಲೇ ಜಿಗಿಸಿ ಕಾಯುತ್ತಾರೆ. ಒಳ್ಳೆಯ ಆಟಗಾರ ಆ ಜಿಗಿತವನ್ನು ಬೇಗ ಮಾಡುತ್ತಾನೆ.

ಓಟದಿಂದಲೇ ವಸ್ತು ಹುಟ್ಟುವುದೂ ಉಂಟು. ತೆಂಗಿನ ಕಾಂಡಕ್ಕೆ ಅಂಟಿ ಕೂತ ಓತಿಕ್ಯಾತವನ್ನು ಎರಡು ಮಾರು ದೂರದಿಂದ ಎಷ್ಟು ಹೊತ್ತು ಹುಡುಕಿದರೂ ಸಿಕ್ಕುವುದಿಲ್ಲ. ಬೂದು ತೊಗಟೆಯ ಮೇಲೆ ಬೂದು ಮೈ. ಅದು ಒಂದು ಸಲ ತಲೆ ಆಡಿಸಲಿ, ತಲೆ, ಬೆನ್ನು, ಬಾಲ ಎಲ್ಲ ಒಟ್ಟಿಗೆ ತೊಗಟೆಯಿಂದ ಬಿಡಿಸಿಕೊಂಡು ಎದ್ದು ಬರುತ್ತವೆ. ಒಟ್ಟಿಗೆ ಅಲುಗಿದ್ದು ಒಂದೇ ವಸ್ತು ಎಂಬುದು ಮಿದುಳಿನ ಇನ್ನೊಂದು ನ್ಯಾಯ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಮನುಷ್ಯರ ಕೀಲುಗಳಿಗೆ ಹತ್ತು ಹನ್ನೆರಡು ಪುಟ್ಟ ದೀಪ ಕಟ್ಟಿ ಕತ್ತಲಲ್ಲಿ ನಡೆಸಿದರು. ನಿಂತಾಗ ಚೆಲ್ಲಿದ ಚುಕ್ಕೆಗಳು, ಒಂದು ಹೆಜ್ಜೆ ಇಟ್ಟೊಡನೆ ಮನುಷ್ಯ. ಮುಸ್ಸಂಜೆಯಲ್ಲಿ ಕೆರೆ ಏರಿಯ ಮೇಲೆ ಬರುವವರು ಯಾರೆಂದು ಮುಖ ಕಾಣದೆಯೂ ನಡಿಗೆಯಲ್ಲೇ ಹೇಳುವ ನಮ್ಮ ಹಿರಿಯರಿಗೆ ದೀಪವೂ ಬೇಡ.

ರಸ್ತೆಗೆ ಬಂದರೆ ಈ ವಿದ್ಯೆಗಳೆಲ್ಲ ತುಸು ಪೇಚಿಗೆ ಸಿಕ್ಕುತ್ತವೆ. ಮಾಗಿಯ ಮಂಜಿನಲ್ಲಿ ಎಲ್ಲ ಮಸುಕಾದಾಗ ವೇಗ ಕಡಿಮೆಯೆನಿಸಿ ಚಾಲಕರು ಜೋರು ಓಡಿಸುತ್ತಾರೆ ಎಂದು 1998ರ ಒಂದು ಪ್ರಯೋಗ ಹೇಳಿತು. ದೂರದ್ದು ಹೆಚ್ಚು, ಹತ್ತಿರದ್ದು ಕಡಿಮೆ ಮಸುಕಾಗುವ ನಿಜವಾದ ಮಂಜಿನಂತೆ ಏರ್ಪಾಡು ಮಾಡಿ 2012ರಲ್ಲಿ ನೋಡಿದಾಗ ಫಲ ಉಲ್ಟಾ ಬಂತು, ಜನ ನಿಧಾನಿಸಿದರು. ಮಂಜಿನ ತಂಟೆ ಹೀಗೆ ಅರ್ಧಕ್ಕೆ ನಿಂತಿದ್ದರೂ, ನೇರ ಎದುರಿಗೆ ಬರುವ ವಾಹನದ ತಂಟೆ ಸ್ಪಷ್ಟವಾಗಿದೆ. ಅದು ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಇದ್ದಲ್ಲೇ ಮೆಲ್ಲಗೆ ದೊಡ್ಡದಾಗುತ್ತದೆ, ತೀರಾ ಹತ್ತಿರ ಬಂದ ಮೇಲೆ ಮಾತ್ರ ಒಮ್ಮೆಗೇ. ಐದು ಸೆಕೆಂಡು ದೂರದಲ್ಲಿರುವ ವಾಹನ ಗಂಟೆಗೆ ಸುಮಾರು 30 ಕಿ.ಮೀ. ಮೀರಿದ ವೇಗದಲ್ಲಿದ್ದರೆ, ಅದು ಬರುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲೆಯ ಮಕ್ಕಳು ಖಾತರಿಯಾಗಿ ಗುರುತಿಸಲಾರರು ಎಂದು ಬ್ರಿಟನ್ನಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ದೊಡ್ಡವರಿಗೆ ಈ ಮಿತಿ 80 ಕಿ.ಮೀ.ವರೆಗೂ ಹೋಗುತ್ತದೆ. ಮಕ್ಕಳದು ತುಂಟತನವಲ್ಲ, ಕಣ್ಣು ಮಿದುಳು ಇನ್ನೂ ಬಲಿತಿಲ್ಲ.

ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ಹೆದ್ದಾರಿಯನ್ನು ಕೂಡುವ ಕೆ.ಬಿ. ಕ್ರಾಸಿನಲ್ಲಿ ಒಂದು ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಅವರ ಕೈ ಹಿಡಿದ ಏಳೆಂಟು ವರ್ಷದ ಮೊಮ್ಮಗ. ಅರಸೀಕೆರೆ ಕಡೆಯಿಂದ ದೀಪ ಹಾಕಿಕೊಂಡ ಲಾರಿಯೊಂದು ದೂರದಲ್ಲಿತ್ತು. ಹುಡುಗ ರಸ್ತೆಗೆ ಕಾಲಿಟ್ಟ, ಅಜ್ಜಿ ರಟ್ಟೆ ಹಿಡಿದು ಎಳೆದರು.

"ಲಾರಿ ಅಲ್ಲೇ ನಿಂತೈತಲ್ಲಜ್ಜೀ."

"ನಿಂತಿಲ್ಲ ಕಣ್ಲಾ, ಬತ್ತಾ ಐತೆ."